ನೆನೆಸದ ಬಟ್ಟೆಗೆ ಕತ್ತರಿ ಹಾಕಬಾರದು

ನಮ್ಮ ಬೀದಿಯ ಟೈಲರ್ ಅಕ್ಕನ ಬಲ ಮಂಡಿ ಸವೆದು ನಾಲ್ಕು ವರ್ಷವಾಗಿತ್ತು. ಇಡೀ ದಿನ ಮಶೀನ್ ತುಳಿದ ಕಾಲು ಅದು. ಈಗ ಎರಡು ಮೆಟ್ಟಿಲು ಹತ್ತಲೂ ಗೋಡೆ ಹಿಡಿಯಬೇಕು. ಮಂಡಿಯ ಕೀಲು ಬದಲಿಸುವ ಆಪರೇಷನ್‌ಗೆ ಇನ್ನು ಹದಿನೈದು ದಿನವಿತ್ತು. ಅಲ್ಲಿಯವರೆಗೆ ಕಾಲು ಇನ್ನಷ್ಟು ಸವೆಯಬಾರದೆಂದು ಅಕ್ಕ ಕುರ್ಚಿ ಬಿಟ್ಟು ಏಳುತ್ತಲೇ ಇರಲಿಲ್ಲ. ಕುಡಿಯುವ ನೀರಿನಿಂದ ಹಿಡಿದು ದಾರದ ಉಂಡೆಯವರೆಗೆ ಎಲ್ಲವನ್ನೂ ಅವರ ಗಂಡ, ನಮ್ಮ ಬೀದಿಗೆಲ್ಲ ಭಾವ, ಅವರೇ ತಂದುಕೊಡಬೇಕು.

ಅಂದು ನಾನು ಅಂಗಿಗಾಗಿ ಕಾದು ಕೂತಿದ್ದೆ. ಎದುರು ಮನೆಯ ನರ್ಸಮ್ಮ ಕೋಟಿಗೆ ಗುಂಡಿ ಹಾಕಿಸಲು ಬಂದರು. ಗುಂಡಿ ಹೊಲಿದು ಮುಗಿಸಿದ ಅಕ್ಕ ಕತ್ತರಿಗಾಗಿ ತಡಕಾಡಿದರು.

“ಇದೇನಕ್ಕ, ಇಷ್ಟು ವರ್ಷ ಹಲ್ಲಲ್ಲೇ ದಾರ ಕಡೀತಿದ್ರಿ. ಇವತ್ತು ಕತ್ತರಿ ಬೇಕಾಯ್ತಾ?” ಎಂದರು ನರ್ಸಮ್ಮ.

“ವಯಸ್ಸಾಯ್ತಲ್ಲಮ್ಮ.”

“ಎಲ್ಲಿ, ಬಾಯಿ ತೆಗೀರಿ ನೋಡೋಣ.”

ಅಕ್ಕ ತುಟಿ ಬಿಗಿದುಕೊಂಡರು. ಬಾಯಿ ಬಿಟ್ಟವರು ಭಾವ. “ದವಡೆ ಊದ್ಕೊಂಡು ಹತ್ತು ದಿನ ಆಯ್ತು. ಯಾರಿಗೂ ಹೇಳ್ಬೇಡಿ ಅಂದಿದ್ದಾಳೆ.”

“ಹೇಳಿದ್ರೆ ಡಾಕ್ಟ್ರು ಆಪರೇಷನ್ ಮುಂದಕ್ಕೆ ಹಾಕ್ತಾರೆ,” ಅಕ್ಕ ಸಿಡುಕಿದರು. “ಕೆಟ್ಟಿರೋದು ಮಂಡಿ. ಹಲ್ಲಿಗೂ ಮಂಡಿಗೂ ಏನು ನಂಟು?”

“ನಂಟಿದೆ ಅಕ್ಕ. ಹಲ್ಲಲ್ಲಿ ಕೀವಿದ್ರೆ ಆ ಸೋಂಕು ರಕ್ತದಲ್ಲಿ ಹೋಗಿ ಹೊಸ ಕೀಲಿಗೆ ಹತ್ತಬಹುದು. ಆಮೇಲೆ ಹಾಕಿದ ಕೀಲನ್ನೇ ತೆಗೀಬೇಕಾಗಿ ಬರಬಹುದು.”

ಅಕ್ಕನ ಕಣ್ಣು ತುಂಬಿತು. “ಮತ್ತೆ ಮಶೀನ್ ತುಳೀಬೇಕು ಅಂತಲೇ ಇಷ್ಟೆಲ್ಲಾ. ಇನ್ನೂ ಕಾಯೋಕೆ ನನ್ನ ಕೈಲಾಗಲ್ಲ ಕಣಮ್ಮ.”

ನನಗೂ ಸಂಕಟವಾಯಿತು. ನೋವು ತಿಂದವರಿಗೇ ಅದರ ರುಚಿ ಗೊತ್ತು.

ನರ್ಸಮ್ಮ ಮೂಲೆಯತ್ತ ನೋಡಿದರು. “ಆ ಬಕೆಟ್ಟಲ್ಲಿ ಏನಿದೆ?”

“ಹೊಸ ಹತ್ತಿ ಬಟ್ಟೆ. ನೆನೆಸಿ ಒಣಗಿಸದೆ ಹೊಲಿದ್ರೆ ಮೊದಲನೇ ಒಗೆತಕ್ಕೇ ಗಿಡ್ಡ ಆಗುತ್ತೆ.”

“ಗಿರಾಕಿ ನಾಳೆಗೇ ಬೇಕು ಅಂದ್ರೆ?”

“ಕಾಯಲಿ. ನೆನೆಸದ ಬಟ್ಟೆಗೆ ನಾನು ಕತ್ತರಿ ಹಾಕಲ್ಲ.” ಇಷ್ಟು ಹೇಳಿ ಅಕ್ಕ ಬಕೆಟ್ಟನ್ನೊಮ್ಮೆ, ತಮ್ಮ ಮಂಡಿಯನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, “ಈಗ ಆ ಗಿರಾಕಿ ನಾನೇ ಅಂತೀಯ,” ಎಂದರು.

ನರ್ಸಮ್ಮ ನಕ್ಕರು. “ಮೈಯನ್ನೂ ಹದ ಮಾಡ್ಕೋಬೇಕು ಅಕ್ಕ. ಮೊದಲು ಹಲ್ಲು ತೋರಿಸಿ. ಸಕ್ಕರೆ, ರಕ್ತ ಪರೀಕ್ಷೆ ಮಾಡಿಸಿ. ನುಂಗೋ ಮಾತ್ರೆನೆಲ್ಲಾ ಡಾಕ್ಟ್ರ ಮುಂದೆ ಇಡಿ, ನೀವಾಗೇ ಯಾವುದನ್ನೂ ನಿಲ್ಲಿಸಬೇಡಿ. ಈ ಕುರ್ಚಿನೂ ಬಿಡಿ. ಕೂತಷ್ಟೂ ತೊಡೆ ಸೊರಗುತ್ತೆ. ನಾಳೆ ಹೊಸ ಕೀಲನ್ನ ನಡೆಸೋದು ಆ ತೊಡೆನೇ ಅಲ್ವಾ?”

ಮರುದಿನವೇ ಹಲ್ಲಿನ ಡಾಕ್ಟರು ಹಲ್ಲು ಕಿತ್ತರು. ಆಪರೇಷನ್ ಐದು ವಾರ ಮುಂದೆ ಹೋಯಿತು. ಅಕ್ಕ ಗೊಣಗುತ್ತಲೇ ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮ ಮಾಡಿದರು. ಕಾಲು ಚಾಚಿ, ಮಂಡಿಯನ್ನು ಹಾಸಿಗೆಗೆ ಒತ್ತಿ ಐದರವರೆಗೆ ಎಣಿಸುವುದು, ಬಿಡುವುದು. ಪಕ್ಕದಲ್ಲಿ ಕೂತು ಎಣಿಸುವ ಭಾವ ಒಂದೆರಡು ಎಣಿಕೆ ಹಾರಿಸಿದರೆ ಬೈಗುಳ ತಪ್ಪುತ್ತಿರಲಿಲ್ಲ. ಕಾಲಿಗೆ ತೊಡರುವ ಚಾಪೆಗಳನ್ನೆಲ್ಲ ಭಾವ ಸುತ್ತಿ ಅಟ್ಟಕ್ಕೆ ಹಾಕಿದರು.

ಆಪರೇಷನ್ ಆಗಿ ನಾಲ್ಕು ತಿಂಗಳ ಮೇಲೆ ನಾನು ಬಟ್ಟೆ ಹಿಡಿದು ಹೋದಾಗ ಮಶೀನಿನ ಸದ್ದು ಬೀದಿಗೇ ಕೇಳುತ್ತಿತ್ತು. ಅಕ್ಕ ತಾವೇ ಎದ್ದು ಬಂದು ಬಟ್ಟೆ ಮುಟ್ಟಿ ನೋಡಿದರು. “ನೆನೆಸಿದೀಯಾ?” ಎಂದು ಕೇಳಿದರು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಕೀಲು ಬದಲಿಸಬೇಕಿದೆಯೇ? ಹಲ್ಲುನೋವಿರಲಿ, ಕಾಲಿನ ಸಣ್ಣ ಗಾಯವಿರಲಿ, ಬೀಡಿಯ ಚಟವಿರಲಿ, ಡಾಕ್ಟರಿಂದ ಮುಚ್ಚಿಡಬೇಡಿ. ಅವರು ಹೇಳಿದ ವ್ಯಾಯಾಮ ಇವತ್ತೇ ಶುರು ಮಾಡಿ. ದಿನ ಮುಂದೆ ಹೋದರೆ ಹೋಗಲಿ, ಇನ್ನೊಂದು ದಿನ ಸಿಗುತ್ತದೆ. ಇನ್ನೊಂದು ಕಾಲು ಮಾತ್ರ ಸಿಗುವುದಿಲ್ಲ.