ಅನ್ನ ಬಿಟ್ಟ ಮನೆ

ನನ್ನ ತಮ್ಮ ಇಮ್ಯಾನುಯೆಲ್ ಊಟಕ್ಕೆ ಕುಳಿತರೆ ಕಲ್ಯಾಣಪುರದ ಗದ್ದೆಗಳೆಲ್ಲ ನಡುಗುತ್ತಿದ್ದವು. ಅಂಥವನ ಕಾಲಿನ ಹೆಬ್ಬೆರಳಿಗೆ ಒಂದು ಹುಣ್ಣಾಯಿತು. ಊರಿನ ಸೊಪ್ಪನ್ನೆಲ್ಲ ಅರೆದು ಕಟ್ಟಿದೆವು, ದನಗಳಿಗೆ ಮೇಯಲು ಏನೂ ಉಳಿಯಲಿಲ್ಲ. ಹುಣ್ಣು ಮಾತ್ರ ಮಾಯಲಿಲ್ಲ. ಈಸ್ಟರ್ ಕಳೆದ ಮೇಲೆ ಮಗಳು ಗ್ಲ್ಯಾಡಿಸಳ ಮದುವೆ. ಅವಳ ಕೈ ಹಿಡಿದು ಇಗರ್ಜಿಯ ಬಾಗಿಲಿನಿಂದ ಪಾದ್ರಿ ಪೂಜೆ ಮಾಡುವ ಆಲ್ತಾರಿನವರೆಗೆ ನಡೆಯಬೇಕೆಂಬುದು ಅವನಿಗಿದ್ದ ಒಂದೇ ಆಸೆ.

ಗಂಡ ತೀರಿಕೊಂಡ ಮೇಲೆ ನಾನು ತಮ್ಮನ ಮನೆಯಲ್ಲೇ ಇದ್ದೇನೆ. ಹಾಗಾಗಿ ಅವನನ್ನು ಮಣಿಪಾಲದ ಗುಡ್ಡ ಹತ್ತಿಸುವಾಗ ಅವನ ಹೆಂಡತಿ ಬರ್ತಾಳ ಜೊತೆ ನಾನೂ ಹೋದೆ. ಡಾಕ್ಟರು ಧಾರವಾಡದ ಕಡೆಯವರು. ಇವನ ಮೂತ್ರಕ್ಕೆ ನೀಲಿ ಔಷಧಿ ಹಾಕಿ ಬೆಂಕಿಗೆ ಹಿಡಿದರು. ಅದು ಇಗರ್ಜಿಯ ಹೆಂಚಿಗಿಂತ ಕೆಂಪಾಯಿತು. ಸಕ್ಕರೆ ಕಾಯಿಲೆ, ಹುಣ್ಣು ಮಾಯದಿದ್ದರೆ ಬೆರಳು ತೆಗೆಯಬೇಕು ಎಂದರು.

"ಮಾತ್ರಿ ಕೊಡ್ತೀನಿ. ಸಕ್ಕರಿ, ಬೆಲ್ಲ ಮುಟ್ಟಬ್ಯಾಡ್ರಿ. ಅನ್ನ ಪೂರಾ ಬಂದ್ ಮಾಡ್ರಿ. ಮನಿಯವ್ರೆಲ್ಲಾ ಕಮ್ಮಿ ಮಾಡಿದ್ರ ಎಲ್ಲಾರಿಗೂ ಛಲೋ."

ಬರ್ತಾಳಿಗೆ ಅದು ರೋಮಿನಿಂದ ಬಂದ ಅಪ್ಪಣೆಯಂತಾಯಿತು. ಬೆಲ್ಲದ ಭರಣಿ ಪಕ್ಕದ ಮನೆಗೆ ಹೋಯಿತು. ಮಧ್ಯಾಹ್ನದ ಅನ್ನ ಇಡೀ ಮನೆಗೆ ನಿಂತಿತು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ. ಮಧ್ಯಾಹ್ನ ಅನ್ನವಿಲ್ಲವಲ್ಲ ಎಂದು ಹಬೆಯಲ್ಲಿ ಬೆಂದ ಪುಂಡಿ ಉಂಡೆ. ಸಂಜೆಯ ಚಹಾ ಸಪ್ಪೆಯಲ್ಲವೇ, ಪಾಪ ಎಂದು ನೀರುದೋಸೆ. ರಾತ್ರಿ ಪುನಃ ಗಂಜಿ. ಭಾನುವಾರ ಪೂಜೆ ಮುಗಿಸಿ ಬಂದರೆ ಇಡ್ಲಿಯಂಥ ಸಾನ್ನಾಂ.

ಅನ್ನದ ಮುಖ ನೋಡದೆ ಎಷ್ಟು ಕಾಲವಾಯಿತೆಂದು ಇಮ್ಯಾನುಯೆಲ್ ಇಗರ್ಜಿಯ ಮೆಟ್ಟಿಲಲ್ಲಿ ನಿಂತು ಹೇಳಿದರೆ ಜನ ಸಂತರನ್ನು ನೋಡುವ ಹಾಗೆ ನೋಡುತ್ತಿದ್ದರು. ಇನ್ನೂ ಸ್ವಲ್ಪ ದಿನ ಹೀಗೆ ಉಪವಾಸ ಮಾಡಿದರೆ ಇಗರ್ಜಿಯ ಬಾಗಿಲು ಒಡೆದು ಅಗಲ ಮಾಡಿಸಬೇಕಾದೀತು ಎಂದೆ ನಾನು. ಬರ್ತಾ ಆ ದಿನ ನನ್ನೊಡನೆ ಮಾತಾಡಲಿಲ್ಲ.

ಪುನಃ ಗುಡ್ಡ ಹತ್ತಿದೆವು. ಔಷಧಿ ಮೊದಲಿಗಿಂತಲೂ ಕೆಂಪಾಯಿತು. ಹುಣ್ಣು ಅಗಲವಾಗಿತ್ತು. ಇವರು ಕದ್ದು ತಿನ್ನುತ್ತಿದ್ದಾರೆ ಎಂದು ಡಾಕ್ಟರು ಸಿಟ್ಟಾದರು. ಬರ್ತಾ ನನ್ನ ಕಡೆ ತಿರುಗಿದಳು.

"ಅಕ್ಕ, ನೀವು ಎಂತಾದರೂ ಕೊಟ್ಟದ್ದುಂಟಾ? ಈಗಲೇ ಹೇಳಿಬಿಡಿ."

ತಮಾಷೆ ಮಾಡುವವಳ ಮೇಲೆ ಅನುಮಾನ ಬರುವುದು ಸುಲಭ. ನನಗೆ ಅಳು ಬಂತು. ಡಾಕ್ಟರು ಇಮ್ಯಾನುಯೆಲನನ್ನೇ ಕೇಳಿದರು.

"ಮುಂಜಾನಿ ಏನ್ ತಿಂದ್ರಿ?"

"ಎಂತ ಇಲ್ಲ ಡಾಕ್ಟ್ರೇ. ಬರೀ ಗಂಜಿ."

"ಯಾತರ ಗಂಜಿ?"

"ಅಕ್ಕಿಯದ್ದು," ಎಂದಳು ಬರ್ತಾ. ಇದನ್ನೂ ಕೇಳಬೇಕೇ ಎಂಬ ಮುಖ.

"ಅನ್ನ ಬಂದ್ ಮಾಡ್ರಿ ಅಂದಿದ್ದೆ."

"ಮಾಡಿದ್ದೇವಲ್ಲ. ಇದು ಗಂಜಿ."

"ಅಕ್ಕಿ ಕುದಿಸಿದ್ರ ಅನ್ನ ಅಲ್ಲೇನ್ರಿ?"

"ನೀರು ಬಸಿದರೆ ಅನ್ನ. ಬಸಿಯದಿದ್ದರೆ ಗಂಜಿ," ಎಂದೆ ನಾನು. ಪಾಪ, ಘಟ್ಟದ ಮೇಲಿನವರು, ಯಾರಾದರೂ ಹೇಳಿಕೊಡಬೇಕಲ್ಲ.

ಅವರು ಪುಂಡಿ ಯಾವುದರದ್ದು, ನೀರುದೋಸೆ ಯಾವುದರದ್ದು, ಸಾನ್ನಾಂ ಯಾವುದರದ್ದು ಎಂದು ಒಂದೊಂದಾಗಿ ಕೇಳಿದರು. ಎಲ್ಲದಕ್ಕೂ ಬರ್ತಾ ಅಕ್ಕಿ ಎಂದಳು. ಒಂದೊಂದು ಸಲಕ್ಕೆ ಅವಳ ಸ್ವರ ಸಣ್ಣದಾಯಿತು. ಡಾಕ್ಟರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ತಮ್ಮ ಊರಿನಲ್ಲಿ ದಿನದ ಊಟ ರೊಟ್ಟಿ, ಅಕ್ಕಿ ಎಂದರೆ ಅನ್ನವೇ, ಅದಕ್ಕೇ ಹಾಗೆ ಹೇಳಿದೆ ಎಂದರು. ಇನ್ನು ಅಕ್ಕಿಯಿಂದ ಹುಟ್ಟಿದ್ದು ಯಾವುದೂ ಬೇಡ.

ಇಮ್ಯಾನುಯೆಲ್ ತುಂಬ ಯೋಚಿಸಿದ.

"ಹಾಗಾದರೆ ಬೆರಳನ್ನೇ ತೆಗೆದುಬಿಡಿ ಡಾಕ್ಟ್ರೇ."

"ತೆಗೆಯಲಿ," ಎಂದಳು ಬರ್ತಾ. "ನೀವು ಮಂಚದಲ್ಲಿ ಮಲಗಿ ಗಂಜಿ ಕುಡಿಯಿರಿ. ಗ್ಲ್ಯಾಡಿಸಳ ಕೈ ಹಿಡಿದು ನಾನು ನಡೀತೇನೆ."

ಅವನು ಡಾಕ್ಟರ ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ಎದ್ದ.

ಈಸ್ಟರಿಗೆ ಮೊದಲಿನ ನಲವತ್ತು ದಿನ, ತಪಸ್ಸಿನ ಕಾಲವಿಡೀ, ಮೀನು, ಮೊಟ್ಟೆ, ಹರಿವೆ ಸೊಪ್ಪು. ನಮ್ಮ ಮನೆಯಿಂದಾಗಿ ಅರಬ್ಬೀ ಸಮುದ್ರದಲ್ಲಿ ಬಂಗುಡೆಗೆ ಬರ ಬಂತು. ಇಮ್ಯಾನುಯೆಲ್ ಸೌದೆಯಷ್ಟು ಸಪೂರನಾದ. ಈಸ್ಟರ್ ಹೊತ್ತಿಗೆ ಹುಣ್ಣು ಒಣಗಿತು, ಬೆರಳು ಉಳಿಯಿತು.

ಮದುವೆಯ ದಿನ ಅವನು ಮಗಳ ಕೈ ಹಿಡಿದು ಸರಿಯಾಗಿಯೇ ನಡೆದ. ಆಲ್ತಾರು ಮುಟ್ಟುವಾಗ ಅವನ ಕೆನ್ನೆಯಲ್ಲಿ ನೀರು ಹರಿಯುತ್ತಿತ್ತು. ತಂದೆಯ ಕರುಳು ನೋಡಿ ಎಂದು ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಕಿಟಕಿಯ ಪಕ್ಕದಲ್ಲಿದ್ದೆ. ಗಾಳಿ ಅಡುಗೆ ಚಪ್ಪರದ ಕಡೆಯಿಂದ ಬೀಸುತ್ತಿತ್ತು, ಅಕ್ಕಿ ಬೇಯುವ ಪರಿಮಳ ಇಗರ್ಜಿಯಿಡೀ ತುಂಬಿತ್ತು.