ಭಾನುವಾರದ ತಾಲೀಮು

"ಕರೆಂಟ್ ಹೋಯ್ತು ಅಂತ ತಿಳ್ಕೊಳ್ಳಿ," ಎಂದು ಹೇಳಿ ಅವನು ಮೇನ್ ಸ್ವಿಚ್ಚನ್ನು ಕೆಳಗೆಳೆದ. ಫ್ಯಾನು ಸುತ್ತುತ್ತ ಸುತ್ತುತ್ತ ನಿಂತಿತು. ಫ್ರಿಜ್ಜು ಒಮ್ಮೆ ಗುಟುರು ಹಾಕಿ ಸುಮ್ಮನಾಯಿತು. "ನಲ್ಲೀಲಿ ನೀರಿಲ್ಲ. ಅಂಗಡಿಗಳೆಲ್ಲ ಮುಚ್ಚಿವೆ. ಯಾರೂ ಹೊರಗೆ ಹೋಗೋ ಹಾಗಿಲ್ಲ."

"ಎಷ್ಟೊತ್ತಿನ ತನಕ ತಿಳ್ಕೋಬೇಕು?" ಎಂದಳು ಹೆಂಡತಿ, ಹೊಲಿಗೆ ಯಂತ್ರದ ಮುಂದಿನಿಂದ ಏಳದೆ. "ಸಂಜೆಗೆ ಒಬ್ಬರ ಪ್ಯಾಂಟು ಗಿಡ್ಡ ಮಾಡಿ ಕೊಡ್ಬೇಕು. ಅವರಿಗೆ ಕರೆಂಟ್ ಹೋಗಿಲ್ಲವಂತೆ."

"ತಮಾಷೆ ಅಲ್ಲ ಕಣೇ."

"ಗೊತ್ತು ರೀ. ತಮಾಷೆ ಆಗಿದ್ರೆ ನಗು ಬರ್ತಿತ್ತು."

ನಕ್ಕವರು ಅತ್ತೆ ಒಬ್ಬರೇ. ಊಟದ ಮೇಜಿನ ತುದಿಯಲ್ಲಿ ಕ್ಯಾರೆಟ್ ಹೆಚ್ಚುತ್ತ ಕೂತಿದ್ದ ಮುದುಕಿಗೆ ಈ ತಾಲೀಮೆಂದರೆ ಎಲ್ಲಿಲ್ಲದ ಸಂಭ್ರಮ. ಬೆಳಿಗ್ಗೆಯೇ ತಲೆ ಬಾಚಿಕೊಂಡು, ನೆಂಟರ ಮನೆಗೆ ಹೊರಟವರ ಹಾಗೆ ಒಳ್ಳೆಯ ಬಟ್ಟೆ ಉಟ್ಟು ತಯಾರಾಗಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು. ಅವರ ಹೆಗ್ಗಣವೋ, ಮನೆಯ ಅಟ್ಟದ ತುಂಬ ಕಾಳುಕಡ್ಡಿ ಸೇರಿಸುತ್ತಿತ್ತು.

ಅವನದು ಲಿಫ್ಟ್ ರಿಪೇರಿಯ ಕೆಲಸ. ರಜೆ ಸಿಕ್ಕಿದರೆ ಗೆಳೆಯರ ಜೊತೆ ಬೆಟ್ಟ ಹತ್ತಿ ಟೆಂಟ್ ಹಾಕಿ ಮಲಗುವ ಹುಚ್ಚು ಮದುವೆಗೆ ಮೊದಲಿನದು. ಹೊರುವ ಚೀಲ ಹಗುರಾಗಲಿ ಎಂದು ಒಂದು ಡ್ರೈಯರ್ ತಂದ. ಬೇಯಿಸಿದ ಅನ್ನ, ಬೇಳೆ, ತರಕಾರಿಗಳನ್ನು ಅದರ ಟ್ರೇಗಳಲ್ಲಿ ತೆಳ್ಳಗೆ ಹರವಿದರೆ ಬೆಳಗಾಗುವಷ್ಟರಲ್ಲಿ ಒಣಗಿ ಗರಗರ ಎನ್ನುತ್ತಿದ್ದವು. ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಇನ್ನೊಂದು ಯಂತ್ರದ ಬಾಯಿಗೆ ಕೊಟ್ಟರೆ ಅದು ಒಳಗಿನ ಗಾಳಿಯನ್ನೆಲ್ಲ ಹೀರಿ ಚೀಲದ ಬಾಯಿ ಅಂಟಿಸಿಬಿಡುತ್ತಿತ್ತು. ಬಿಸಿನೀರು ಹುಯ್ದು ಸ್ವಲ್ಪ ಹೊತ್ತು ಬಿಟ್ಟರೆ ಊಟ ತಯಾರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಹೋದ ವರ್ಷ ಬೆಟ್ಟದ ಮೇಲಿದ್ದಾಗ ಬಿರುಗಾಳಿ ಮಳೆ ಹಿಡಿಯಿತು. ಇಳಿಯುವ ದಾರಿ ಕುಸಿದು ಅವರ ತಂಡ ದಿನಗಟ್ಟಲೆ ಮೇಲೆಯೇ ಸಿಕ್ಕಿಕೊಂಡಿತು. ತಂಡಕ್ಕೆ ಅಡುಗೆ ಮಾಡಲು ಹೋಗಿದ್ದ ಹಿರಿಯನೊಬ್ಬ ತಿರುಗಿ ಬರಲಿಲ್ಲ, ಉಳಿದವರು ಬಂದರು. ಅಲ್ಲಿ ಏನಾಯಿತೆಂದು ಅವನು ಬಾಯಿ ಬಿಡಲಿಲ್ಲ. ಮನೆಗೆ ಬಂದವನು ಸ್ನಾನ ಮಾಡಿದ, ಮಗಳನ್ನು ಬಹಳ ಹೊತ್ತು ತಬ್ಬಿಕೊಂಡು ಕೂತ, ಆಮೇಲೆ ಎದ್ದು ಡ್ರೈಯರ್ ಹಚ್ಚಿದ. ಅಂದಿನಿಂದ ಅದು ತಣ್ಣಗಾದದ್ದೇ ಇಲ್ಲ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಇದೇ ನೋಡಿ," ಎಂದು ಹೆಂಡತಿ ಮೊದಮೊದಲು ಚುಡಾಯಿಸಿದ್ದಳು. "ಕುಲಾವಿ ಹೊಲಿಯೋಳು ನಾನು. ನನಗೇ ಇಷ್ಟು ಅವಸರ ಇಲ್ಲ." ಅಟ್ಟದ ಮೇಲೆ ಪೆಟ್ಟಿಗೆಗಳು ಏರುತ್ತಲೇ ಹೋದವು. ಭಾನುವಾರಗಳಂದು ತಾಲೀಮು ಎಂದು ಅವನು ಸಾರಿದ್ದು ಮಾತ್ರ ಹೊಸದು, ಇದು ಮೊದಲನೆಯದು.

ಹೆಚ್ಚುವ ಕೆಲಸವನ್ನು ಅತ್ತೆ ತಾವಾಗಿ ಕೈಗೆತ್ತಿಕೊಂಡಿದ್ದರು. ಗಂಡ ತೀರಿದ ಮೇಲೆ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ದುಡಿದು ಮಗನನ್ನು ಓದಿಸಿದವರು. ಈಗ ಕೈ ನಡುಗುತ್ತದೆ, ಆದರೆ ಚಾಕು ಹಿಡಿದರೆ ಅದೇನೋ ನಡುಕ ನಿಲ್ಲುತ್ತದೆ. "ಎಲ್ಲಾ ಒಂದೇ ದಪ್ಪ ಇರ್ಬೇಕು ಕಣಮ್ಮ," ಎಂದು ಸೊಸೆಗೆ ಪಾಠ ಹೇಳುತ್ತಿದ್ದರು. "ದಪ್ಪ ಆದ್ರೆ ಹೊರಗೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಹಸಿ ಉಳಿಯುತ್ತೆ. ಆಮೇಲೆ ಬೂಷ್ಟು ಹಿಡಿದು ಪಕ್ಕದ್ದನ್ನೂ ಕೆಡಿಸುತ್ತೆ. ನನ್ನ ಮಗಂಗೆ ನಾನು ಹೆಚ್ಚಿದ್ರೇನೇ ಸಮಾಧಾನ." ಇಷ್ಟು ವರ್ಷಕ್ಕೆ ಮಗ ತಮ್ಮಿಂದ ಒಂದು ಕೆಲಸ ಮಾಡಿಸಿಕೊಳ್ಳುತ್ತಿದ್ದಾನೆ ಎಂಬ ಹೆಮ್ಮೆ ಅವರದು.

ಮಧ್ಯಾಹ್ನ ಬಾಲ್ಕನಿಯಲ್ಲಿ ಕ್ಯಾಂಪಿನ ಪುಟ್ಟ ಒಲೆ ಹಚ್ಚಿ ನೀರು ಕಾಯಿಸಿದ. ಎಲ್ಲರೂ ಮೇಜಿನ ಸುತ್ತ ಕೂತರು. ಅತ್ತೆ ಚಾಕು ತೊಳೆದಿಟ್ಟು, ತಮ್ಮ ಬಟ್ಟಲನ್ನೂ ಚಮಚವನ್ನೂ ಎದುರಿಗಿಟ್ಟುಕೊಂಡು, ಶಾಲೆಯ ಮಕ್ಕಳ ಹಾಗೆ ಕಾದರು. ಅವನು ಪ್ಯಾಕೆಟ್ಟುಗಳ ಬಾಯಿ ಕತ್ತರಿಸಿದ. ಅಷ್ಟು ಹೊತ್ತು ಕಲ್ಲಿನಂತಿದ್ದವು ಉಸ್ಸೆಂದು ಸಡಿಲವಾದವು. ಒಂದಕ್ಕೆ ನೀರು ಹುಯ್ದ, ಇನ್ನೊಂದಕ್ಕೆ ಹುಯ್ದ, ಮೂರನೆಯದಕ್ಕೆ ಹುಯ್ದ. ಕೆಟಲ್ ಕೆಳಗಿಟ್ಟ.

"ಅಜ್ಜೀದು?" ಎಂದಳು ಮಗಳು.

"ಅಜ್ಜಿಗೆ ಬೆಳಗಿನ ಅನ್ನ ಇದೆ ಪುಟ್ಟಿ."

"ಕರೆಂಟ್ ಹೋಗಿದೆ, ಏನೂ ಇಲ್ಲ ಅಂತ ತಾನೇ ಆಟ?"

"ಆಟ ಅಲ್ಲ ಅಂತ ಹೇಳಿದ್ದೀನಿ."

"ಅಯ್ಯೋ ಬಿಡೇ," ಎಂದು ಅತ್ತೆ ತಮ್ಮ ಬಟ್ಟಲನ್ನು ಮೆಲ್ಲಗೆ ತಮ್ಮ ಕಡೆಗೇ ಎಳೆದುಕೊಂಡರು. "ನನಗೇನು ಹಸಿವೇ ಇಲ್ಲ. ಹೆಚ್ಚೋವಾಗ ಬಾಯಿಗೆ ಹಾಕ್ಕೊಂಡಿದ್ದಕ್ಕೇ ಹೊಟ್ಟೆ ತುಂಬಿದೆ." ಸೊಸೆ ನೋಡಿದ್ದಳು, ಅವರು ಒಂದು ಚೂರನ್ನೂ ಬಾಯಿಗೆ ಹಾಕಿರಲಿಲ್ಲ. ಅವಳು ತನ್ನ ಪಾಲನ್ನು ಅರ್ಧ ಮಾಡಿ ಅವರ ಬಟ್ಟಲಿಗೆ ಸುರಿದಳು. ಅವನು ತಲೆಯೆತ್ತಿ ನೋಡಿದ. ಮರೆತಿರಬೇಕು, ಗಂಡಸರಿಗೆ ಎಲೆ ಎಣಿಸುವುದು ಎಲ್ಲಿ ಗೊತ್ತು ಎಂದುಕೊಂಡಳು.

ಸಂಜೆ ಅವನು ಸ್ವಿಚ್ ಮೇಲೆತ್ತಿ ಹೊರಗೆ ಹೋದ ಮೇಲೆ, ಉಳಿದ ಪ್ಯಾಕೆಟ್ಟುಗಳನ್ನು ಇಡಲು ಅವಳು ಏಣಿ ಹತ್ತಿದಳು. ಅಟ್ಟವನ್ನು ಅವನು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಪೆಟ್ಟಿಗೆಗಳು ಗೋಡೆ ಕಟ್ಟಿದ ಹಾಗೆ ಒಪ್ಪವಾಗಿ ಕೂತಿದ್ದವು. ಪ್ರತಿ ಪೆಟ್ಟಿಗೆಗೂ ಬಣ್ಣದ ಟೇಪು. ನೀಲಿಯ ಸಾಲಿನ ಕೆಳಗೆ 'ನಾನು' ಎಂದು ಅವನ ಅಕ್ಷರ. ಕೆಂಪಿನ ಕೆಳಗೆ ಅವಳು. ಹಳದಿಯ ಕೆಳಗೆ ಪುಟ್ಟಿ. ಹಳದಿಯಾಚೆಗೆ ಗೋಡೆ. ಅವಳು ಪೆಟ್ಟಿಗೆಗಳ ಹಿಂದೆ ಕೈ ಹಾಕಿ ನೋಡಿದಳು, ಮೂಲೆಯಲ್ಲಿ ನೋಡಿದಳು. ಇನ್ನೊಂದು ಬಣ್ಣ ಎಲ್ಲೂ ಇರಲಿಲ್ಲ.

ಅವನು ಬಂದಾಗ ಅವಳು ಬಾಗಿಲಲ್ಲೇ ಕೇಳಿದಳು. "ರೀ, ಅತ್ತೇದು ಯಾವ ಬಣ್ಣ?"

ಅವನು ಚಪ್ಪಲಿ ಬಿಡುತ್ತಿದ್ದ. "ಅಮ್ಮಂದು ಇಲ್ಲ."

"ಇಲ್ಲ ಅಂದ್ರೆ? ಇನ್ನೂ ಮಾಡಿಲ್ವಾ?"

"ಮಾಡಲ್ಲ." ಒಳಗೆ ತಾಯಿ ಎಲ್ಲಿದ್ದಾರೆಂದು ಒಮ್ಮೆ ನೋಡಿ ಅವನು ದನಿ ತಗ್ಗಿಸಿದ. "ಫ್ರಿಜ್ ನಿಂತ ಮೇಲೆ ಅಮ್ಮನ ಇನ್ಸುಲಿನ್ ಎಷ್ಟು ದಿನ ಬರುತ್ತೆ ಹೇಳು. ಅದು ಕೆಟ್ಟ ಮೇಲೆ ಅಟ್ಟದ ತುಂಬ ಊಟ ಇದ್ರೂ ಏನು ಪ್ರಯೋಜನ?"

ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ತಾಯಿಯ ಪಕ್ಕದಲ್ಲಿ ಮಂಡಿಯೂರಿ ಆ ಸೂಜಿ ಚುಚ್ಚುವವನು ಇವನೇ. ಒಂದು ದಿನ ತಪ್ಪಿಸಿದವನಲ್ಲ. ಚುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು "ನೋವಾಯ್ತಾ ಅಮ್ಮ?" ಎಂದು ಕೇಳದೆ ಎದ್ದವನಲ್ಲ.

"ಹೆತ್ತ ತಾಯಿ ರೀ ಅವರು," ಎಂದಳು.

"ಅದಕ್ಕೇ ಈಗಲೇ ಯೋಚನೆ ಮಾಡಿಟ್ಟಿರೋದು. ಆ ಹೊತ್ತಲ್ಲಿ ಯೋಚನೆ ಮಾಡೋಕೆ ಕೂತ್ರೆ ಮನಸ್ಸು ಒಪ್ಪಲ್ಲ. ಬೆಟ್ಟದ ಮೇಲೆ ನಮ್ಮ ಮನಸ್ಸು ಒಪ್ಪಲಿಲ್ಲ. ಅಡುಗೆಯವನಿಗೆ ಎದೆನೋವು, ಅವನು ಬದುಕಿ ಇಳಿಯಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದ್ರೂ ಕೊನೇ ತನಕ ಅವನ ಪಾಲು ಅವನಿಗೆ ಕೊಟ್ವಿ. ನಾವು ಹಸ್ಕೊಂಡು ಕೊಟ್ವಿ. ಇಳಿಯೋವಾಗ ನನ್ನ ಕಾಲಲ್ಲಿ ಶಕ್ತಿ ಇರಲಿಲ್ಲ ಕಣೇ. ಇನ್ನೊಂದು ತಿರುವು ಇದ್ದಿದ್ರೆ ನಾನೂ ಬರ್ತಿರಲಿಲ್ಲ." ಅವನು ಅವಳ ಭುಜ ಹಿಡಿದ. ಕೈ ಬೆಚ್ಚಗಿತ್ತು. "ಲಿಫ್ಟಿಗೆ ಇಷ್ಟೇ ಜನ ಅಂತ ಬರೆದಿರ್ತಾರಲ್ಲ, ಯಾಕೆ? ಹತ್ತಿದ ಮೇಲೆ ಯಾರನ್ನೂ ಇಳಿಸೋಕಾಗಲ್ಲ ಅಂತ."

ಅವಳಿಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಅದಕ್ಕಿಂತ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತು, ಕೆಂಪು ಸಾಲು ತನ್ನದು ಎಂಬ ನೆಮ್ಮದಿ ಹಾದು ಹೋಗಿತ್ತು. ಅದನ್ನು ನೆನೆದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅತ್ತೆಯೊಂದಿಗೆ ಅವಳ ಸಂಬಂಧವೇನು ಹಾಲುಜೇನಲ್ಲ. ಎಷ್ಟೋ ಸಲ ಇಬ್ಬರೂ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಟ್ಟದ್ದುಂಟು. ಆದರೆ ಸಿಟ್ಟಿನಲ್ಲಿ ಪಾತ್ರೆ ಕುಕ್ಕುವುದೇ ಬೇರೆ, ಒಂದು ಬಾಯನ್ನು ಬಿಟ್ಟು ಎಣಿಸುವುದೇ ಬೇರೆ.

ಮರುದಿನದಿಂದ ಅವಳು ಶುರುಮಾಡಿದಳು. ಒಣಗಿದ ತರಕಾರಿ ಎಷ್ಟು ನೆನೆಸಿದರೂ ಅತ್ತೆಯ ಕಟ್ಟಿಸಿದ ಹಲ್ಲಿಗೆ ಗಟ್ಟಿಯೇ. ಅದಕ್ಕೆ ಬೇಳೆ ಬೇಯಿಸಿ, ಸೊಪ್ಪು ಕ್ಯಾರೆಟ್ಟುಗಳ ಜೊತೆ ಅರೆದು, ಟ್ರೇಯ ಮೇಲೆ ತೆಳ್ಳಗೆ ಬಳಿದು ಒಣಗಿಸಿದಳು. ಹಪ್ಪಳದ ಹಾಗೆ ಎದ್ದುಬಂದದ್ದನ್ನು ಪುಡಿ ಮಾಡಿದಳು. ಬಿಸಿನೀರಿಗೆ ಹಾಕಿ ಕಲಕಿದರೆ ಗಂಜಿ. ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಪ್ಯಾಕೆಟ್ ಮಾಡಿ, ಕೆಂಪು ಪೆಟ್ಟಿಗೆಯಿಂದ ತನ್ನವನ್ನು ಒಂದಷ್ಟು ತೆಗೆದು, ಅವುಗಳ ಜಾಗದಲ್ಲಿ ಇವನ್ನಿಟ್ಟು ಮುಚ್ಚಿದಳು.

"ಇದೇನೇ ಈ ಪುಡಿ, ಯಾರಿಗೆ?" ಎಂದು ಅತ್ತೆ ಒಂದು ದಿನ ಕೇಳಿದರು.

"ನಿಮಗೇ ಅತ್ತೆ."

"ನನಗ್ಯಾಕೆ?" ಅವರು ಚಾಕು ನಿಲ್ಲಿಸದೆ ನಕ್ಕರು. "ಅಂಥಾ ಕಾಲ ಬಂದಾಗ ನಾನು ಇರೋದೇ ಆದ್ರೆ, ನಿಮ್ಮದರಲ್ಲೇ ಒಂದು ತುತ್ತು ಕೊಡ್ತೀರಪ್ಪ. ನನ್ನ ಮಗ ನನ್ನನ್ನ ಬಿಟ್ಟು ತಿಂತಾನಾ?"

ಸೊಸೆ ಮಿಕ್ಸಿ ತಿರುಗಿಸಿದಳು.

ಮುಂದಿನ ಭಾನುವಾರ ಅವನು ಅಟ್ಟದಿಂದ ಇಳಿದಾಗ ಕೈಯಲ್ಲಿ ಆ ಪುಡಿಯ ಪ್ಯಾಕೆಟ್ಟುಗಳಿದ್ದವು, ಎಲ್ಲವೂ. ಕೂಗಾಡಬಹುದು, ಕೂಗಾಡಿದರೆ ತಾನೂ ಕೂಗಾಡಬಹುದು, ಅಕ್ಕಪಕ್ಕದವರಿಗೆ ಕೇಳಿಸಿದರೂ ಚಿಂತೆಯಿಲ್ಲ ಎಂದು ಅವಳು ಸೆರಗು ಬಿಗಿದು ನಿಂತಳು. ಅವನು ಕೂಗಾಡಲಿಲ್ಲ. ಒಂದೊಂದನ್ನೇ ಕತ್ತರಿಸಿ, ಎಲ್ಲವನ್ನೂ ಒಂದು ಡಬ್ಬಕ್ಕೆ ಸುರಿದ. ಅದರಿಂದ ಎರಡು ಚಮಚ ತೆಗೆದು ಬಿಸಿನೀರಿನಲ್ಲಿ ಗಂಟಿಲ್ಲದಂತೆ ಕಲಕಿ, ಊದಿ ಊದಿ ಆರಿಸಿ, ತಾಯಿಯ ಮುಂದಿಟ್ಟ.

"ತಿನ್ನಮ್ಮ. ನಿನಗೇ ಅಂತ ಮಾಡಿದ್ದಾಳೆ. ಚೆನ್ನಾಗಿದೆ. ಇಟ್ಕೊಳ್ಳೋದು ಯಾಕೆ, ದಿನಾ ಇಷ್ಟಿಷ್ಟು ತಿಂದು ಮುಗಿಸೋಣ."

ಮುದುಕಿಯ ಕಣ್ಣಲ್ಲಿ ನೀರಾಡಿತು. "ನೋಡಮ್ಮ," ಎಂದರು ಸೊಸೆಗೆ, "ಇವನು ಚಿಕ್ಕವನಿದ್ದಾಗ ನಾನು ಹೀಗೇ ಊದಿ ತಿನ್ನಿಸ್ತಿದ್ದೆ." ಅವನು ತಾಯಿಯ ಗಲ್ಲಕ್ಕೆ ಸಿಡಿದದ್ದನ್ನು ಬೆರಳಿನಿಂದ ಒರೆಸಿದ. ಅವರು ಬಟ್ಟಲನ್ನು ಕೆರೆದು ಕೆರೆದು ತಿಂದರು. ಸೊಸೆ ಬಿಗಿದಿದ್ದ ಸೆರಗನ್ನು ಸಡಿಲ ಬಿಟ್ಟಳು. ಏನೆಂದು ಕೂಗುವುದು? ತಾಯಿಗೆ ಗಂಜಿ ತಿನ್ನಿಸಬೇಡ ಎಂದೇ?

ಮಗಳು ಅಜ್ಜಿಯ ಬಳಿ ಕೂತು ಹೆಚ್ಚಲು ಕಲಿಯುತ್ತಿದ್ದಾಗ, ಅವನು ಅಟ್ಟದ ಏಣಿ ಹತ್ತಿ ಹೆಂಡತಿಯನ್ನು ಕರೆದ. "ಕೆಂಪಿನಲ್ಲಿ ನಿನ್ನದು ಕಡಿಮೆ ಆಗಿದೆ. ತುಂಬಿಸೋಣ ಬಾ. ನಿನ್ನ ಪಾಲನ್ನ ನೀನೇ ಹೀಗೆ ಕಳ್ಕೊಂಡ್ರೆ ಪುಟ್ಟಿಯನ್ನ ನೋಡ್ಕೊಳ್ಳೋರು ಯಾರು?" ದನಿಯಲ್ಲಿ ಗದರಿಕೆ ಇರಲಿಲ್ಲ, ನಿಜವಾದ ಕಳಕಳಿ ಇತ್ತು. ಅದೇ ಅವಳಿಗೆ ಹೆದರಿಕೆ.

ಹೊಸ ಪ್ಯಾಕೆಟ್ಟು ತುಂಬಿ ಕೆಳಗಿಟ್ಟಿದ್ದ ಪೆಟ್ಟಿಗೆಯನ್ನು ಎತ್ತಿಕೊಂಡು ಅವಳು ಹತ್ತಿದಳು. ಪೆಟ್ಟಿಗೆ ಹಗುರವೇ, ಒಣಗಿದ್ದಕ್ಕೆ ಏನು ಭಾರ. ಆದರೆ ಮೇಲಿನ ಮೆಟ್ಟಿಲು ಮುಟ್ಟುವಷ್ಟರಲ್ಲಿ ಉಸಿರು ಮೇಲುಸಿರಾಗಿ, ಅಂಚಿಗೆ ಪೆಟ್ಟಿಗೆ ಒರಗಿಸಿ ನಿಲ್ಲಬೇಕಾಯಿತು.

ಅವನು ಪೆಟ್ಟಿಗೆಗೆ ಕೈ ಚಾಚಿದವನು ಹಾಗೆಯೇ ನಿಂತ. ಅವಳ ಮುಖ ನೋಡಿದ.

"ಯಾಕೇ ಇಷ್ಟೊಂದು ಏದುಸಿರು?"

"ಏನಿಲ್ಲ."

"ಮೊದಲು ಹೀಗೆ ಇರಲಿಲ್ಲ ಅಲ್ವಾ? ಯಾವಾಗಿಂದ?" ಅವನು ಬಗ್ಗಿ ಅವಳ ಬೆನ್ನು ನೇವರಿಸಿದ. "ಡಾಕ್ಟರಿಗೆ ತೋರಿಸಿಬಿಡೋಣ. ಏನು ಅಂತ ತಿಳ್ಕೊಂಡಿದ್ರೆ ಒಳ್ಳೇದು."

ಬೇರೆ ಯಾವ ದಿನವಾಗಿದ್ದರೂ ಅವಳು ಆ ಕೈಗೆ ತಲೆ ಆನಿಸುತ್ತಿದ್ದಳು. ಈಗ ಅವನ ಬೆನ್ನ ಹಿಂದೆ ಮೂರು ಬಣ್ಣದ ಸಾಲುಗಳು ಕಾಣುತ್ತಿದ್ದವು.

"ಅಯ್ಯೋ, ಹಾಡು ಗುನುಗ್ತಾ ಹತ್ತಿದೆ ರೀ, ಅದಕ್ಕೆ," ಎಂದಳು.

"ಕೆಳಗೆ ಇನ್ನೂ ಒಂದಿದೆ. ನಾನು ತರ್ಲಾ?"

"ಬೇಡ ಬೇಡ. ನೀವು ಅಲ್ಲೇ ಇರಿ. ನಾನೇ ತರ್ತೀನಿ."

ಅವಳು ಇಳಿದು ಎರಡನೆಯ ಪೆಟ್ಟಿಗೆಯನ್ನು ಎತ್ತಿಕೊಂಡಳು. ಅವನು ಅಟ್ಟದ ಅಂಚಿನಲ್ಲಿ ಕೂತು, ಕೆಳಗೆ ಬಗ್ಗಿ, ಅವಳನ್ನೇ ನೋಡುತ್ತಿದ್ದ. ಅವಳು ತುಟಿ ಬಿಗಿಹಿಡಿದು, ಮೂಗಿನಲ್ಲೇ ಸದ್ದಾಗದಂತೆ ಉಸಿರಾಡುತ್ತ, ಮುಖ ಮೇಲೆತ್ತಿ ನಗುತ್ತ, ಎಲ್ಲೂ ನಿಲ್ಲದೆ ಹತ್ತಿದಳು.