ಬಾಲವಿಲ್ಲದವು

ಒಂದೇ ಕಾಯಿಲೆಯಿಂದ ಸತ್ತ ಹನ್ನೆರಡು ಜನರ ಮಿದುಳಿನ ಚೂರುಗಳು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಅವಳ ಕೈಗೆ ಬಂದಿದ್ದವು. ಒಂದೊಂದೂ ಕಡಲೆಕಾಳಿನಷ್ಟು. ಮನೆಯವರು ಕಣ್ಣೊರೆಸಿಕೊಂಡು ಸಹಿ ಹಾಕಿ ಕೊಟ್ಟದ್ದು. ಅವಳು ಅಷ್ಟನ್ನೂ ಅರೆದು, ಆರ್‌ಎನ್‌ಎ ತೆಗೆದು, ಮಾರ್ಗದರ್ಶಕರಾದ ಸರ್ ಕಲಿಸಿದ ಹಾಗೆ ಸಣ್ಣ ಮಣಿಗಳ ಜೊತೆ ಕಲಸಿದಳು. ಮಣಿ ಆರ್‌ಎನ್‌ಎಯ ಬಾಲ ಹಿಡಿಯುತ್ತದೆ. ಸಿಕ್ಕಿದ್ದು ಇಟ್ಟುಕೊ, ಉಳಿದ ನೀರು ಚೆಲ್ಲು. ಅಲ್ಲಿಯ ಪದ್ಧತಿಯೇ ಅದು.

ಟ್ಯೂಬು ತೊಳೆಯುವ ಅಕ್ಕ ಅಂದೇ ಕೇಳಿದ್ದಳು, "ಇದನ್ನೂ ಎತ್ತಿಡ್ಲೇನಮ್ಮ? ಫ್ರೀಜರಲ್ಲಿ ಜಾಗ ಇದೆ."

"ಅಕ್ಕಿ ತೊಳೆದ ನೀರು ಎತ್ತಿಡ್ತೀಯಾ ನಿಮ್ಮನೇಲಿ?"

"ಇಡ್ತೀನಲ್ಲ, ಗಿಡಕ್ಕೆ!"

ಇಬ್ಬರೂ ನಕ್ಕಿದ್ದರು. ನೀರು ಸಿಂಕಿಗೆ ಹೋಯಿತು.

ನಾಲ್ಕು ವರ್ಷದ ಮೇಲೆ, ವಿಜ್ಞಾನ ಪತ್ರಿಕೆಗಾಗಿ ಅವಳ ಲೇಖನ ಓದಿದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: ಈ ಮಿದುಳುಗಳಲ್ಲಿ ಬಳೆಯಾಕಾರದ ಆರ್‌ಎನ್‌ಎ ಇತ್ತೇ?

ಸಿಂಕಿಗೆ ಹೋದ ನೀರು ಅವಳಿಗೆ ನೆನಪಾಯಿತು. ಜೀವಕೋಶ ಆರ್‌ಎನ್‌ಎಯ ಉದ್ದನೆಯ ಎಳೆ ತೆಗೆದು, ಬೇಡದ ತುಂಡು ಕತ್ತರಿಸಿ, ಬೇಕಾದ್ದನ್ನು ಸಾಲಾಗಿ ಜೋಡಿಸಿ, ಕೊನೆಗೊಂದು ಬಾಲ ಕಟ್ಟುತ್ತದೆ. ಒಮ್ಮೊಮ್ಮೆ ಬೇಕಾದ ತುಂಡಿನ ಆಚೀಚೆಯ ಬೇಡದ ಭಾಗಗಳು ಒಂದನ್ನೊಂದು ಅಪ್ಪಿಕೊಂಡು ಎಳೆ ಬಾಗುತ್ತದೆ. ತುಂಡಿನ ಕೊನೆ ತನ್ನದೇ ಮೊದಲಿಗೆ ಬೆಸೆದುಕೊಳ್ಳುತ್ತದೆ. ಬಳೆಗೆ ತುದಿಯೇ ಇಲ್ಲ, ಬಾಲವೆಲ್ಲಿಯದು? ಮಣಿ ಏನನ್ನು ಹಿಡಿದೀತು? ಮಿದುಳಿನಲ್ಲಂತೂ ಇಂಥ ಬಳೆಗಳು ಹೇರಳ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಂದು ಚೂರೂ ಉಳಿದಿರಲಿಲ್ಲ.

"ಹುಡುಕಿದೆವು, ಸಿಗಲಿಲ್ಲ ಅಂತ ಒಂದು ಸಾಲು ಸೇರಿಸು," ಎಂದರು ಸರ್, ಕನ್ನಡಕ ಒರೆಸುತ್ತ.

"ನಾವು ಹುಡುಕಲೇ ಇಲ್ಲವಲ್ಲ ಸರ್. ಚೆಲ್ಲಿಬಿಟ್ವಿ."

"ಚೆಲ್ಲಿದ ನೀರು ಬಂದು ಸಾಕ್ಷಿ ಹೇಳುತ್ತಾ? ಈ ಲೇಖನ ಬಿದ್ದರೆ ನಿನ್ನ ಪದವಿಯೂ ಬಿತ್ತು, ಮಗಳೇ."

ನಾಲ್ಕು ವರ್ಷದಲ್ಲಿ ಅವರು ಮಗಳೇ ಎಂದದ್ದು ಅದೇ ಮೊದಲು. ಪರಮಾತ್ಮ ನೋಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಳು.

ಲೇಖನ ಅಚ್ಚಾಯಿತು, ಪದವಿ ಬಂತು. ಹನ್ನೆರಡು ಮನೆಗೂ ಫಲಿತಾಂಶದ ಕಾಗದ ಹೋಯಿತು. ಒಬ್ಬ ತಾಯಿ ಫೋನು ಮಾಡಿದರು.

"ಅದೇನೋ ಬಳೆ ಅಂತ ಬರೆದಿದೀರಿ. ನನ್ನ ಮಗನ ತಲೇಲಿ ಅದು ಇರಲಿಲ್ವಾ?"

"ಸಿಗಲಿಲ್ಲ ಅಮ್ಮಾ."

"ಇವನ ತಮ್ಮನಿಗೂ ಈಗ ಕೈ ನಡುಗ್ತಿದೆ, ಅದಕ್ಕೇ ಕೇಳ್ದೆ. ಸರಿಯಾಗಿ ಹುಡುಕಿದ್ರಿ ತಾನೇ?"

ಅವಳು ಕಣ್ಣು ಮುಚ್ಚಿಕೊಂಡಳು.

"ಹುಡುಕಿದ್ವಿ ಅಮ್ಮಾ."

"ದೇವರು ಒಳ್ಳೇದು ಮಾಡ್ಲಿ ನಿಂಗೆ," ಎಂದು ಆ ತಾಯಿ ಫೋನಿಟ್ಟರು.